ಬೆರಳ ಗೆರೆಯ ಹಸಿರು

ಅವ್ವನ ಬಲಗೈ ಹೆಬ್ಬೆರಳಲ್ಲಿ ಹಸಿರು ಕೂತಿತ್ತು. ಸೀಗೆಪುಡಿಗೆ ಹೋಗಲಿಲ್ಲ, ಹುಣಸೆಹಣ್ಣಿಗೆ ಹೋಗಲಿಲ್ಲ, ಬೂದಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಚರ್ಮದ ಮೇಲಿದ್ದರೆ ಹೋಗುತ್ತಿತ್ತೇನೋ, ಅದು ಬೆರಳಿನ ಗೆರೆಗಳ ಒಳಗೆ ಇಳಿದಿತ್ತು. ಅಕ್ಕಲಕೋಟೆಯ ನಮ್ಮ ಓಣಿಯ ಹೆಂಗಸರು, ಸೊಲ್ಲಾಪುರದ ಚಾದರಿಗೆ ಬಣ್ಣ ಹಾಕುವ ಕೆಲಸ ಹಿಡಿದೆಯೇನು ಎಂದು ಅವಳನ್ನು ಕೆಣಕುತ್ತಿದ್ದರು. ಅವ್ವ ಕೈ ಮುಚ್ಚಿಕೊಳ್ಳುತ್ತಿರಲಿಲ್ಲ. ಇದು ಕಾಲೇಜಿನ ಕೆಲಸ, ನಿಮಗೆ ತಿಳಿಯುವುದಿಲ್ಲ ಎಂದು ಬೆರಳನ್ನು ಇನ್ನಷ್ಟು ಮುಂದೆ ಚಾಚಿ ತೋರಿಸುತ್ತಿದ್ದಳು. ಹಾಗೆ ಚಾಚಿದ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಐವತ್ತರ ದಶಕದ ನಡುವಿನ ಮಾತು. ನಾನು ಆಗ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಆ ಪ್ರಯೋಗಾಲಯದಲ್ಲಿ ಸೀರೆ ಉಟ್ಟು ವೋಲ್ಟ್‌ಮೀಟರು ಹಿಡಿದವಳು ನಾನೊಬ್ಬಳೇ. ಯಾರಾದರೂ ಒಂದು ಮಾತು ಆಡಿದರೆ ನಾನು ನಾಲ್ಕು ಆಡಿ ತೀರಿಸುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುವವಳು ಎಂದು ನನಗೆ ಹೆಸರು ಬಿದ್ದಿತ್ತು, ಅದು ಸುಳ್ಳೇನೂ ಅಲ್ಲ. ವಾರವೆಲ್ಲ ಸೊಲ್ಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ಶನಿವಾರ ಮಧ್ಯಾಹ್ನ ರೈಲು ಹಿಡಿದು ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಟಾಂಗಾ ಹತ್ತಿ ಅವ್ವನ ಹತ್ತಿರ ಹೋಗುತ್ತಿದ್ದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನನ್ನನ್ನು ಓದಿಸಿದವಳು ಅವ್ವ.

ನಮ್ಮ ವಿಭಾಗದ ಹಿರಿಯ ಸರ್ ವಿಜಾಪುರದ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಉಳಿದವರ ಜೊತೆ ಮರಾಠಿ, ಪಾಠದಲ್ಲಿ ಇಂಗ್ಲಿಷು, ನನ್ನ ಜೊತೆ ಮಾತ್ರ ಕನ್ನಡ. ಹೊರಗಿನಿಂದ ಬಂದವರು ಚಪ್ಪಲಿ ಬಿಟ್ಟು ಕೂತಂತೆ ಅವರು ನನ್ನೊಡನೆ ಕನ್ನಡಕ್ಕೆ ಇಳಿಯುತ್ತಿದ್ದರು. ಮೂವತ್ತು ವರ್ಷ ಬೇರೆಯವರು ಕಂಡುಹಿಡಿದದ್ದನ್ನೇ ಹುಡುಗರಿಗೆ ಹೇಳಿಕೊಟ್ಟಿದ್ದರು. ಹೋಗುವ ಮುಂಚೆ ತಮ್ಮದೇ ಒಂದು ವಿಷಯ, ಚಿಕ್ಕದಾದರೂ ಸರಿ, ಕಂಡು ಬರೆದು ಹೋಗಬೇಕು ಎಂಬ ಆಸೆ ಅವರಿಗೆ. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ಹೇಳಿದ್ದರು.

ಅವರು ಹಿಡಿದದ್ದು ಲ್ಯಾಂಥನಮ್ ಕ್ರೋಮೈಟ್ ಎಂಬ ವಸ್ತು. ಮಾಡುವ ಬಗೆ ಕೇಳಲು ಸುಲಭ. ಒಂದು ಬಿಳಿಯ ಪುಡಿ, ಕೇರಳದ ಸಮುದ್ರದಂಡೆಯ ಮರಳಿನಿಂದ ತೆಗೆದ ವಿರಳ ಭಸ್ಮ ಧಾತುವಿನದು. ಇನ್ನೊಂದು ಹಸಿರು ಪುಡಿ, ಕ್ರೋಮಿಯಮ್ಮಿನದು. ಎರಡನ್ನೂ ತೂಗಿ, ಬೆರೆಸಿ, ಅರೆದು, ಬಿಲ್ಲೆ ಒತ್ತಿ, ವಿದ್ಯುತ್ ಕುಲುಮೆಯಲ್ಲಿ ಎರಡೆರಡು ದಿನ ಸುಡಬೇಕು. ಸುಟ್ಟದ್ದನ್ನು ಮತ್ತೆ ಅರೆದು ಮತ್ತೆ ಸುಡಬೇಕು. ಹೀಗೆ ಮೂರು ಸಲ. ಆಗ ಎರಡು ಪುಡಿಗಳು ಹೋಗಿ ಮಾಸಲು ಹಸಿರಿನ ಒಂದೇ ಹೊಸ ವಸ್ತುವಾಗುತ್ತದೆ. ಅದರ ಒಳಗಿನ ಪರಮಾಣುಗಳ ಜೋಡಣೆಗೆ ಪೆರೋವ್‌ಸ್ಕೈಟ್ ಎಂದು ಹೆಸರು. ಬಿಳಿಯ ಪುಡಿ ಗಾಳಿಯಲ್ಲಿನ ನೀರನ್ನು ಹೀರುತ್ತದೆಂದು ತೂಗುವ ಮುಂಚೆ ಅದನ್ನೇ ಒಮ್ಮೆ ಸುಡಬೇಕಿತ್ತು. ಸರ್ ಅದನ್ನು ಬಾಣಂತಿಯ ಮನೆಯ ಕೂಸಿನಂತೆ ಗಾಳಿಗೆ ಬಿಡದೆ ಸಾಕುತ್ತಿದ್ದರು. ಮುಂಬಯಿಯ ಗೆಳೆಯರೊಬ್ಬರು ಕೊಟ್ಟ ಒಂದೇ ಒಂದು ಚಿಕ್ಕ ಸೀಸೆ ಅದು, ಮತ್ತೆ ಸಿಗುವಂತಿರಲಿಲ್ಲ.

ಇಷ್ಟೆಲ್ಲ ಏಕೆಂದರೆ, ಆ ವಸ್ತುವಿನಲ್ಲಿ ಪ್ರತಿ ಕ್ರೋಮಿಯಂ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ತಂಪಾದಾಗ ಅಕ್ಕಪಕ್ಕದ ಪರಮಾಣುಗಳು ಒಂದಕ್ಕೊಂದು ಎದುರು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಒಂದು ಎಳೆದದ್ದನ್ನು ಇನ್ನೊಂದು ಅಳಿಸುತ್ತದೆ, ಒಟ್ಟು ಲೆಕ್ಕ ಸೊನ್ನೆ. ಅದು ಪೂರಾ ಸೊನ್ನೆಯೇ, ಅಥವಾ ಚೂರು ಏನಾದರೂ ಉಳಿಯುತ್ತದೆಯೇ ಎಂಬುದಷ್ಟೇ ಸರ್ ಅವರ ಪ್ರಶ್ನೆ. ಜೊತೆಗೆ ಅದರೊಳಗೆ ವಿದ್ಯುತ್ತು ಹರಿಯುವ ಬಗೆಯನ್ನೂ ಅಳೆದೆವು. ತಾಮ್ರದ ತಂತಿ ಕಾದಷ್ಟೂ ವಿದ್ಯುತ್ತಿಗೆ ಅಡ್ಡ ಬರುತ್ತದೆ, ಇದು ಕಾದಷ್ಟೂ ದಾರಿ ಬಿಡುತ್ತಿತ್ತು. ಅದನ್ನು ನಾನು ಅವ್ವನಿಗೆ ಹೇಳಿದಾಗ, ಹಾಗಾದರೆ ಅದು ನಿನ್ನಂಥದ್ದಲ್ಲ ಬಿಡು, ನೀನು ಕಾದರೆ ಯಾರಿಗೂ ದಾರಿ ಬಿಡುವುದಿಲ್ಲ ಎಂದು ನಕ್ಕಿದ್ದಳು.

ಅರೆಯುವ ಕೆಲಸ ನನ್ನ ಪಾಲಿನದು. ಅಗೇಟ್ ಎಂಬ ಗಟ್ಟಿ ಕಲ್ಲಿನ ಬಟ್ಟಲು, ಅರೆಯಲು ಅದರದೇ ಕಲ್ಲಿನ ಬತ್ತಾ, ಗಿಡ್ಡ ಒನಕೆಯಂಥದ್ದು. ಬಿಲ್ಲೆಯನ್ನು ಒಡೆದು ಗಂಟೆಗಟ್ಟಲೆ ಅರೆದರೂ ಕೈಗೆ ಮರಳು ಮರಳಾಗಿ ಹತ್ತುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದು ಶನಿವಾರ ಬಟ್ಟಲನ್ನು ಮನೆಗೇ ಒಯ್ದು ಪಡಸಾಲೆಯಲ್ಲಿ ಕೂತು ಅರೆಯತೊಡಗಿದೆ. ಸ್ವಲ್ಪ ಹೊತ್ತು ನೋಡಿದ ಅವ್ವ ಬತ್ತಾವನ್ನು ನನ್ನ ಕೈಯಿಂದ ಕಸಿದುಕೊಂಡಳು. "ಹಿಂಗ ಜಾಡಿಸಿ ಒತ್ತಬಾರ್ದ. ಒಂದ ದಿಕ್ಕಿಗಿ ತಿರುವಬೇಕು, ಸಮಾಧಾನ ಬೇಕು. ನಿನಗ ಅದ ಇಲ್ಲ," ಎಂದಳು.

ಅವಳ ಅಪ್ಪ, ನನ್ನ ಅಜ್ಜ, ವೈದ್ಯ. ಬೋರಾಮಣಿಯಿಂದ, ತಡವಳದಿಂದ ಕುರಿಗಾರರು ಕಂಬಳಿ ಹೊದ್ದು ಬಂದು ಅವನ ಕಟ್ಟೆಯ ಮೇಲೆ ಕೂಡುತ್ತಿದ್ದರಂತೆ. ಅವನ ಔಷಧಿಗಳನ್ನೆಲ್ಲ ಅರೆದವಳು ಅವ್ವ. ಅರೆಯುವವರು ಮಾತಾಡಬಾರದು, ದಿಕ್ಕು ಬದಲಿಸಬಾರದು, ನಡುವೆ ಏಳಬಾರದು. ಭಸ್ಮ ನುಣ್ಣಗಾಯಿತೇ ಎಂದು ನೋಡಲು ಚಿಟಿಕೆಯಷ್ಟು ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆಯಬೇಕು. ಪುಡಿ ಬೆರಳಿನ ಗೆರೆಗಳೊಳಗೆ ಇಳಿದು ಅಲ್ಲೇ ನಿಂತರೆ ಆಯಿತು, ಉದುರಿದರೆ ಇನ್ನೂ ಅರೆಯಬೇಕು. ಇದು ಅಜ್ಜನ ಪರೀಕ್ಷೆ. ಅಂದು ಮೂರು ತಾಸಿನ ಮೇಲೆ ಅವ್ವ ಬೆರಳು ಹೊಸೆದು ನನಗೆ ತೋರಿಸಿದಳು. ಗೆರೆಗಳೆಲ್ಲ ಹಸಿರು.

ಆ ಪುಡಿಯನ್ನು ಸರ್ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿ, ಮತ್ತೊಮ್ಮೆ ಬಾಗಿ ನೋಡಿದರು. ಯಾರು ಅರೆದದ್ದೆಂದು ಕೇಳಿದರು. ನಾನು ಹೇಳಿದೆ, ಬೈಸಿಕೊಳ್ಳಲು ತಯಾರಾಗಿಯೇ ಹೇಳಿದೆ. ಅವರು ಬೈಯಲಿಲ್ಲ. ಮುಂದಿನ ಭಾನುವಾರ ಖುದ್ದಾಗಿ ಅಕ್ಕಲಕೋಟೆಗೆ ಬಂದು, ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಅವ್ವ ಅರೆಯುವುದನ್ನು ಎರಡು ತಾಸು ನೋಡಿದರು. ಅವಳು ಮಾತಾಡಲಿಲ್ಲ, ಅವರೂ ಆಡಲಿಲ್ಲ. ಮುಗಿದ ಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿಂದು ಏಳುವಾಗ, "ಅವ್ವಾರ, ನಮ್ಮ ಕಾಲೇಜಿನ್ಯಾಗ ಹಿಂಗ ಅರಿಯೋರು ಯಾರೂ ಇಲ್ರಿ. ಈ ಕೆಲಸ ನಿಮ್ಮದ," ಎಂದರು. ಆ ವಾರವೆಲ್ಲ ಅವ್ವ ನೆಲದ ಮೇಲೆ ನಡೆಯಲಿಲ್ಲ. ಅಜ್ಜ ಹೋದ ಮೇಲೆ ಅವಳ ಕೈಯ ಕೆಲಸವನ್ನು ಕೆಲಸ ಎಂದವರು ಅವರೊಬ್ಬರೇ.

ಸರ್ ನನಗೆ ಎರಡು ಎಚ್ಚರ ಹೇಳಿದ್ದರು. ನೀರು ತಾಗಬಾರದು, ಕಬ್ಬಿಣ ತಾಗಬಾರದು. ನೀರಿನ ಮಾತನ್ನು ನಾನು ಅವ್ವನಿಗೆ ಹತ್ತು ಸಲ ಹೇಳಿದೆ. ಕಬ್ಬಿಣದ ಮಾತು ಹೇಳಲೇ ಇಲ್ಲ. ಕೈಗೆ ಕಲ್ಲಿನ ಬಟ್ಟಲು ಕೊಟ್ಟಾಗಿದೆ, ಇನ್ನೆಲ್ಲಿಯ ಕಬ್ಬಿಣ ಎಂದುಕೊಂಡಿದ್ದೆ.

ಮೂರನೆಯ ಸಲ ಸುಟ್ಟ ಮೇಲೆ ಕೊನೆಯ ಅರೆತ. ಅದೂ ಅವ್ವನದೇ, ನಾನು ಸೊಲ್ಲಾಪುರದಲ್ಲಿದ್ದ ವಾರದ ನಡುವೆ ಮಾಡಿ ಮುಗಿಸಿದ್ದು. ಆ ಪುಡಿಯನ್ನು ತೆಳುವಾದ ಗಾಜಿನ ಕೊಳವೆಯಲ್ಲಿ ತುಂಬಿ, ತಕ್ಕಡಿಯ ಒಂದು ತೋಳಿನಿಂದ ರೇಷ್ಮೆ ದಾರದಲ್ಲಿ ಇಳಿಬಿಟ್ಟು, ಸರ್ ತಾವೇ ಸುತ್ತಿ ಮಾಡಿದ ವಿದ್ಯುತ್ ಕಾಂತದ ಎರಡು ತುದಿಗಳ ನಡುವೆ ನಿಲ್ಲಿಸಿದೆವು. ಕಾಂತ ಹಚ್ಚದೆ ಒಂದು ತೂಕ, ಹಚ್ಚಿ ಒಂದು ತೂಕ. ಎರಡರ ನಡುವಿನ ವ್ಯತ್ಯಾಸ ಕೂದಲಿನಷ್ಟು, ಆದರೆ ನಮಗೆ ಬೇಕಾದದ್ದೆಲ್ಲ ಅದರಲ್ಲೇ ಇತ್ತು. ಸೆಕೆಯ ತಿಂಗಳುಗಳಲ್ಲಿ ಬಂದ ಅಂಕಿಗಳು ಪುಸ್ತಕದಂತೆಯೇ ಇದ್ದವು, ವಿಶೇಷವಿಲ್ಲ. ಸರ್ ನಿರಾಸೆಯನ್ನು ತೋರಿಸಿಕೊಳ್ಳಲಿಲ್ಲ.

ಚಳಿಗಾಲ ಬಂತು. ಸೊಲ್ಲಾಪುರದ ಚಳಿಗೆ ನಗುವವರಿದ್ದಾರೆ, ಆದರೆ ಆ ವರ್ಷ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಬಾಯಿಂದ ಹೊಗೆ ಬರುತ್ತಿತ್ತು. ಅಂಥ ಒಂದು ಬೆಳಿಗ್ಗೆ ತೂಗಿದಾಗ ಅಂಕಿ ಬೇರೆ ಬಂತು. ಇರಬೇಕಾದದ್ದಕ್ಕಿಂತ ಹೆಚ್ಚಿನ ಎಳೆತ. ಮಧ್ಯಾಹ್ನ ಬಿಸಿಲು ಏರಿದಾಗ ಮತ್ತೆ ತೂಗಿದೆವು, ಇಲ್ಲ. ಮರುದಿನ ಬೆಳಿಗ್ಗೆ ಇದೆ, ಮಧ್ಯಾಹ್ನ ಇಲ್ಲ. ಬರ್ಫದ ಕಾರಖಾನೆಯಿಂದ ಗೋಣಿಚೀಲದಲ್ಲಿ ಬರ್ಫ ತರಿಸಿ ಸುತ್ತ ಇಟ್ಟು ತಂಪು ಮಾಡಿ ನೋಡಿದೆವು. ಹದಿನಾರು ಡಿಗ್ರಿಯ ಆಸುಪಾಸಿಗೆ ಇಳಿದರೆ ಎಳೆತ ಬರುತ್ತದೆ, ಮೇಲೆ ಏರಿದರೆ ಹೋಗುತ್ತದೆ. ವಾರಗಟ್ಟಲೆ ಅದನ್ನೇ ಮಾಡಿದೆವು. ಸರ್ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂದು ದಿನ ಅವರು ಕನ್ನಡಕ ತೆಗೆದು ಒರೆಸುತ್ತ, "ತಂಗಿ, ಇದು ಸೊನ್ನಿ ಅಲ್ಲ," ಎಂದರು. ಕಣ್ಣು ಒದ್ದೆಯಾಗಿತ್ತು. ಕೂತು ಏಳು ಹಾಳೆಯ ಲೇಖನ ಬರೆದರು, ಟೈಪು ಮಾಡಿಸಿ ಪತ್ರಿಕೆಗೆ ಕಳಿಸುವುದೆಂದು ನಿಶ್ಚಯವಾಯಿತು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಹಾಕಿ ಕೃತಜ್ಞತೆ ಹೇಳಿದ್ದರು. ಅವ್ವನ ಹೆಸರು ಏನೆಂದು ಕೇಳಿ ಅದನ್ನೂ ಬರೆದುಕೊಂಡರು.

ಆ ಶನಿವಾರ ಟಾಂಗಾದಿಂದ ಇಳಿದವಳೇ ಓಡಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿನ್ನ ಹೆಸರು ಅಚ್ಚಾಗುತ್ತದೆ ಎಂದೆ. ಸರ್ ಏನು ಕಂಡರೆಂದು ಕೇಳಿದಳು. ಆ ಪುಡಿಯಲ್ಲಿ ಏನೂ ಇರುವುದಿಲ್ಲ ಎಂದುಕೊಂಡಿದ್ದೆವು, ಇದೆ, ಒಂದು ಚೂರು ಅಯಸ್ಕಾಂತ ಇದೆ, ಎಳೆಯುತ್ತದೆ ಎಂದೆ.

ಅವ್ವನ ಮುಖ ಅರಳಿತು. "ಎಳೀಲಾರದ ಏನ್ ಮಾಡ್ತದ? ಕಡೀ ಅರತ ಅಪ್ಪನ ಕಬ್ಬಿಣದ ಖಲ್‌ನ್ಯಾಗ ಅರದೀನಿ. ಕಬ್ಬಿಣದ ಗುಣ ಎಲ್ಲಿ ಹೋಗತದ?"

ಯಾವ ಖಲ್ಲು, ಯಾವಾಗ ಎಂದೆ. ಕೇಳಿದಾಗ ಎಲ್ಲ ಹೇಳಿದಳು. ಕೊನೆಯ ಅರೆತ ಮುಗಿಯುತ್ತ ಬಂದಾಗ ಕಲ್ಲಿನ ಬತ್ತಾದ ತುದಿ ಸಣ್ಣಗೆ ಚಕ್ಕೆ ಎದ್ದಿತು. ಔಷಧಿಯಲ್ಲಿ ಕಲ್ಲು ಬೆರೆತರೆ ಅದು ವಿಷ, ಕಬ್ಬಿಣ ಬೆರೆತರೆ ದೋಷವಿಲ್ಲ, ಮೈಗೆ ಒಳ್ಳೆಯದೇ ಎಂಬುದು ಅಜ್ಜನ ಪಾಠ. ಗಟ್ಟಿ ಖನಿಜಗಳನ್ನೆಲ್ಲ ಅವನು ಅರೆಯುವ ದೋಣಿಯಂಥ ಆ ಕಬ್ಬಿಣದ ಖಲ್ಲಿನಲ್ಲೇ ಅರೆಸುತ್ತಿದ್ದ. ಅದಕ್ಕೇ ಅವಳು ಸರ್ ಅವರ ಪುಡಿ ಕೆಡಬಾರದೆಂದು ಚಕ್ಕೆಯನ್ನು ಹುಡುಕಿ ತೆಗೆದು, ಉಳಿದ ಅರೆತವನ್ನು ಖಲ್ಲಿನಲ್ಲಿ ಮುಗಿಸಿದ್ದಳು. ಬತ್ತಾ ಒಡೆದದ್ದನ್ನು ಅಂದೇ ಏಕೆ ಹೇಳಲಿಲ್ಲ ಎಂದರೆ, ನೀನು ಸಿಟ್ಟಾಗುತ್ತೀಯೆಂದು ಎಂದಳು.

ನಾನು ಸಿಟ್ಟಾದೆ. "ಯಾರಿಗಿ ಕೇಳಿ ಮಾಡಿದಿ? ಒಬ್ಬರ ಆಯುಷ್ಯದ ಕೆಲಸ ಮಣ್ಣು ಮಾಡಿದಿ ನೀ. ಇದೇನ್ ನಿಮ್ಮಪ್ಪನ ಚೂರ್ಣ ಅಂತ ತಿಳದಿಯೇನ?" ಎಂದೆ. ಇನ್ನೂ ಏನೇನೋ ಅಂದೆ. ಅಂದದ್ದೆಲ್ಲ ನನಗೆ ನೆನಪಿದೆ, ಬರೆಯಲು ಮನಸ್ಸಿಲ್ಲ.

ಅವ್ವ ಮೊರವನ್ನು ಕೆಳಗಿಟ್ಟಳು. ಎದ್ದು ಹಿತ್ತಲಿಗೆ ಹೋದಳು. ಎಷ್ಟು ಹೊತ್ತಾದರೂ ಬಾರದಿದ್ದಾಗ ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಇಟ್ಟಂಗಿಯ ಚೂರಿನಿಂದ ಹೆಬ್ಬೆರಳನ್ನು ತಿಕ್ಕುತ್ತಿದ್ದಳು. ಹಸಿರು ಹೋಗಿತ್ತು, ರಕ್ತ ಬರುತ್ತಿತ್ತು. ಆಗಲೂ ನಾನು ಹತ್ತಿರ ಹೋಗಿ ಕೈ ಹಿಡಿಯಲಿಲ್ಲ.

ಸೋಮವಾರ ಸರ್ ಅವರಿಗೆ ಹೇಳಿದೆ. ಅವರು ಎದ್ದು ಕಪಾಟಿನಿಂದ ಕುದುರೆಲಾಳದ ಅಯಸ್ಕಾಂತ ತಂದು, ಉಳಿದ ಪುಡಿಯನ್ನು ಕಾಗದದ ಮೇಲೆ ಹರಡಿ ಮೇಲಿನಿಂದ ಆಡಿಸಿದರು. ಎರಡೋ ಮೂರೋ ಕಪ್ಪು ಕಣ ಎದ್ದು ಅಂಟಿಕೊಂಡವು. ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಟೈಪಿಗೆ ತೆಗೆದಿಟ್ಟಿದ್ದ ಏಳು ಹಾಳೆಗಳನ್ನು ಮಡಚಿ ಡ್ರಾವರಿಗೆ ಹಾಕಿದರು. "ಅವ್ವಾರಿಗೆ ಇದನ್ನ ಹೇಳಬ್ಯಾಡ ತಂಗಿ. ಪಾಪ, ಅವರು ಚಲೋ ಮಾಡಾಕ ಹೋಗಿದ್ರು," ಎಂದರು. ಹೇಳಿಯಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಪುಡಿಯನ್ನು ಆಮ್ಲದಲ್ಲಿ ತೊಳೆದು ಕಬ್ಬಿಣ ಕಳೆದು ಮತ್ತೆ ತೂಗಬಹುದಿತ್ತು. ಈಗ ಹೊಳೆಯುತ್ತದೆ. ಆಗ ಸರ್ ಅವರಿಗೆ ನಾಚಿಕೆ, ನನಗೆ ಸಿಟ್ಟು, ಇಬ್ಬರಿಗೂ ಬುದ್ಧಿ ಮಂಕಾಗಿತ್ತು. ಒಂದು ತಪ್ಪು ಕೈಗೆ ಸಿಕ್ಕಿದ್ದೇ ತಡ, ಎಲ್ಲವನ್ನೂ ಅದರ ತಲೆಯ ಮೇಲೆ ಹೇರಿ ಕೈ ತೊಳೆದುಕೊಂಡೆವು. ಬಿಳಿಯ ಪುಡಿ ತೀರಿತ್ತು. ಮುಂಬಯಿಗೆ ಪತ್ರ ಬರೆದರು, ಮತ್ತೊಂದು ಸೀಸೆ ಬರಲಿಲ್ಲ. ನಿವೃತ್ತಿಯ ದಿನ ಸರ್ ಆ ಗಾಜಿನ ಕೊಳವೆಯನ್ನು ನನ್ನ ಕೈಗಿಟ್ಟು, ಅವ್ವಾರ ಕೆಲಸ, ಇಟ್ಟುಕೋ ಎಂದರು. ಊರಿಗೆ ಹೋದ ಮರುವರ್ಷವೇ ಅವರು ತೀರಿಕೊಂಡರೆಂದು ಕಾರ್ಡು ಬಂತು.

ಅವ್ವ ಮತ್ತೆ ಏನನ್ನೂ ಅರೆಯಲಿಲ್ಲ. ಅಜ್ಜನ ಖಲ್ಲು ಹಿತ್ತಲಿನಲ್ಲಿ ಬೋರಲು ಬಿದ್ದು ತುಕ್ಕು ಹಿಡಿಯಿತು. ಹಳೆಯ ಪರಿಚಯದ ಕುರಿಗಾರರು ಕೂಸಿಗೆ ಔಷಧಿ ಕೇಳಿಕೊಂಡು ಬಂದರೆ, ನನ್ನ ಕೈ ಚೆನ್ನಾಗಿಲ್ಲ, ಬೇರೆ ಕಡೆ ನೋಡಿ ಎಂದು ಕಳಿಸುತ್ತಿದ್ದಳು. ನಾನು ಕ್ಷಮೆ ಕೇಳಲಿಲ್ಲ ಎಂದಲ್ಲ. ಕೇಳಿದೆ, ಸಿಟ್ಟಿನಲ್ಲಿ ಅಂದೆ ಎಂದೆ. ಆದರೆ ನೀನು ಕೆಡಿಸಲಿಲ್ಲ ಎಂದು ಹೇಳಲಿಲ್ಲ, ಏಕೆಂದರೆ ಕೆಡಿಸಿದ್ದಾಳೆಂದೇ ನಾನು ನಂಬಿದ್ದೆ. ಅವಳೂ ಅದನ್ನು ನನ್ನ ಮುಖದಲ್ಲಿ ನೋಡಿ ತಿಳಿದಿದ್ದಳು.

ದಶಕ ಮುಗಿಯುವ ಮುಂಚೆ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೈ ಅಡ್ಡ ಹಿಡಿದು, ಆ ಮಾಸ್ತರರು ನನಗೆ ಬೈದರೇನು ಎಂದು ಕೇಳಿದಳು. ಇಲ್ಲ, ಪಾಪ ಅಂದರು, ನಿನಗೆ ಹೇಳಬೇಡ ಅಂದರು ಎಂದೆ.

"ಬೈದಿದ್ರ ಚಲೋ ಆಗತಿತ್ತು," ಎಂದಳು.

ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ.

ನಾನು ಬೇರೆ ಊರಿನ ಕಾಲೇಜಿಗೆ ಹೋಗಿ, ಅಲ್ಲಿ ಬಹಳ ವರ್ಷ ಕಳೆದ ಮೇಲೆ ಒಂದು ದಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದೆ. ವಿರಳ ಭಸ್ಮ ಧಾತುಗಳ ಕ್ರೋಮೈಟುಗಳ ಬಗ್ಗೆ ಎರಡು ಪುಟಗಳಿದ್ದವು. ಇವುಗಳಲ್ಲಿ ಅಕ್ಕಪಕ್ಕದ ಪರಮಾಣುಗಳು ಪೂರ್ತಿ ಎದುರುಬದುರಾಗಿ ನಿಲ್ಲುವುದಿಲ್ಲ, ಕೊಂಚ ಓರೆಯಾಗುತ್ತವೆ, ಆದ್ದರಿಂದ ತಂಪಿನಲ್ಲಿ ಒಂದು ಚೂರು ಅಯಸ್ಕಾಂತತೆ ಉಳಿದುಬಿಡುತ್ತದೆ ಎಂದಿತ್ತು. ಎಲ್ಲರಿಗೂ ಗೊತ್ತಿರುವ ಮಾತನ್ನು ಹೇಳುವಂತೆ ಹೇಳಿದ್ದರು. ಲ್ಯಾಂಥನಮ್ಮಿನದು ಎಷ್ಟು ತಂಪಿನಲ್ಲಿ ಎಂದು ನೋಡಿದೆ. ಸೊಲ್ಲಾಪುರದ ಚಳಿಗಾಲದ ಬೆಳಿಗ್ಗೆಯಷ್ಟು.

ಮನೆಗೆ ಬಂದು ಟ್ರಂಕು ತೆಗೆದೆ. ಹಳೆಯ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಪುಟಗಟ್ಟಲೆ ಎರಡು ಸಾಲುಗಳಿದ್ದವು. ಬೆಳಿಗ್ಗೆ ಇದೆ, ಮಧ್ಯಾಹ್ನ ಇಲ್ಲ. ಬೆಳಿಗ್ಗೆ ಇದೆ, ಮಧ್ಯಾಹ್ನ ಇಲ್ಲ. ಕಬ್ಬಿಣ ಹಾಗೆ ಮಾಡುವುದಿಲ್ಲ. ಕೆಂಪಗೆ ಕಾಯಿಸುವವರೆಗೂ ಅದು ತನ್ನ ಎಳೆತ ಬಿಡುವುದಿಲ್ಲ, ಸೊಲ್ಲಾಪುರದ ಬಿಸಿಲು ಅದಕ್ಕೆ ಯಾವ ಲೆಕ್ಕ. ಇದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತಿದ್ದೆ. ಆ ಎರಡು ಮೂರು ಕಣಗಳ ಕಾಣದಷ್ಟು ಚಿಕ್ಕ ಪಾಲು ಬೆಳಿಗ್ಗೆಯೂ ಮಧ್ಯಾಹ್ನವೂ ಒಂದೇ ಇದ್ದಿರಬೇಕು. ಚಳಿಗೆ ಬಂದು ಬಿಸಿಲಿಗೆ ಹೋದದ್ದು ಸರ್ ಕಂಡದ್ದೇ, ಅವರು ಬರೆದದ್ದೇ.

ನೋಟ್‌ಬುಕ್ಕಿನ ಕೆಳಗೆ ಗಾಜಿನ ಕೊಳವೆ ಇತ್ತು. ಬಿರಡೆ ತೆಗೆದು ಚಿಟಿಕೆಯಷ್ಟು ಪುಡಿಯನ್ನು ಅಂಗೈಗೆ ಸುರಿದುಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಅಜ್ಜನ ಪರೀಕ್ಷೆ ಮಾಡಿದೆ. ಒಂದು ಕಣವೂ ಉದುರಲಿಲ್ಲ. ಮಾಸಲು ಹಸಿರು ಮೆಲ್ಲಗೆ ನನ್ನ ಬೆರಳಿನ ಗೆರೆಗಳೊಳಗೆ ಇಳಿದು ನಿಂತಿತು. ಅವ್ವ ರಕ್ತ ಬರುವವರೆಗೆ ತಿಕ್ಕಿ ತೆಗೆದ ಹಸಿರು ಇದೇ. ಅದರಲ್ಲಿ ತಪ್ಪೇನೂ ಇರಲಿಲ್ಲ.